ಕನ್ನಡಿಗೆ ಕಾಣದ ಗಜ್ಜುಗ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಹಿರಿಯೂರಿನ ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಟೀಚರ್ ತಿಪ್ಪಮ್ಮ. ಕ್ಲಾಸಿನಲ್ಲಿ ಒಬ್ಬಳು ಇನ್ನೊಬ್ಬಳನ್ನು ಕತ್ತರಿ ಕಳ್ಳಿ ಎಂದು ಕರೆದು ಮೂರು ದಿನ ಮಾತು ಬಿಟ್ಟಿದ್ದಾಗ, ಕಾಜಾ ಹೊಲಿಯುತ್ತ, ತಲೆ ಎತ್ತದೆ ಹೇಳಿದ್ದು. ಬಟ್ಟೆಯಂತೆ ಕತೆಯನ್ನೂ ಅವರು ಅಳತೆಗಿಂತ ಒಂದಿಂಚು ಹೆಚ್ಚು ಬಿಟ್ಟೇ ಕತ್ತರಿಸುತ್ತಿದ್ದರು. ಅಂಚು ಮಡಿಸಿ ಹೊಲಿದದ್ದಷ್ಟೇ ನನ್ನದು.

ಒಬ್ಬ ಶಿಷ್ಯ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ದ್ರೋಹ ಮಾಡಿದವರ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಬಹುದು?"

ಗುರು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಈಗ ಎಷ್ಟು ದಿನವಾಯಿತು?"

"ಮೂರು ತಿಂಗಳು."

"ಯಾರ ಮೇಲೆ?"

"ರಾಚಯ್ಯನ ಮೇಲೆ."

ರಾಚಯ್ಯ ಅದೇ ಮಠದ ಇನ್ನೊಬ್ಬ ಶಿಷ್ಯ. ಧ್ಯಾನಕ್ಕೆ ಕೂರುವಾಗ ಇಬ್ಬರ ಚಾಪೆಯೂ ಅಕ್ಕಪಕ್ಕ. ಬೆನ್ನು ನೆಟ್ಟಗಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಈ ಶಿಷ್ಯ ಕಲಿತಿದ್ದ. ಅದು ಒಂದು ದಿನ ಮಠಕ್ಕೆಲ್ಲ ಗೊತ್ತಾಗಿ ಎಲ್ಲರೂ ನಕ್ಕರು. ಶಿಷ್ಯ ಊಟದ ಪಂಕ್ತಿಯಲ್ಲಿ ಎದ್ದು ನಿಂತು, ಹೊರಗಿನ ಅಂಗಳಕ್ಕೂ ಕೇಳುವಂತೆ, ರಾಚಯ್ಯನನ್ನು ಚಾಡಿಕೋರ ಎಂದ. ಅಂದಿನಿಂದ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂರುತ್ತಿದ್ದ.

"ರಾಚಯ್ಯ ಹೇಳಿದ್ದನ್ನು ನೀನು ಕಿವಿಯಾರೆ ಕೇಳಿದೆಯಾ?" ಎಂದರು ಗುರು.

"ಕೇಳಬೇಕಾಗಿಲ್ಲ. ಬೇರೆ ಯಾರಿಗೂ ಗೊತ್ತಿರಲಿಲ್ಲ."

ಗುರು ಮೊರವನ್ನು ಪಕ್ಕಕ್ಕೆ ಸರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನ ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯಿತ್ತು. ಗಂಟಲಿನ ಮೇಲೆ ಕತ್ತಿ ಎಳೆಯುವಾಗ ಅವನ ರೆಪ್ಪೆ ಅಲುಗುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಇನ್ನೊಂದು ಸಲ ಉಜ್ಜುತ್ತಿದ್ದ.

ಅವನಿಗೊಂದು ಕೊರಗು. ಇಪ್ಪತ್ತು ವರ್ಷ ಊರಿನವರ ಗಲ್ಲ ಹಿಡಿದು ತಿರುಗಿಸಿದ್ದಾನೆ. ಕುರ್ಚಿಯಲ್ಲಿ ಕೂತವರೆಲ್ಲ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ಎದ್ದು ಹೋಗಿದ್ದಾರೆ. ಅವನ ಕೈಯನ್ನು ಒಬ್ಬನೂ ನೋಡಿದ್ದಿಲ್ಲ.

ಆ ಊರಿನಲ್ಲಿ ಒಬ್ಬ ಮುದಿ ಜಾದೂಗಾರ ಬಂದು ನೆಲೆಸಿದ. ಕೈ ನಡುಗುತ್ತಿದ್ದುದರಿಂದ ಆಟ ತೋರಿಸುವುದನ್ನು ಬಿಟ್ಟಿದ್ದ. ಅದೇ ಕಾರಣಕ್ಕೆ ಗಡ್ಡವನ್ನೂ ತಾನೇ ತೆಗೆದುಕೊಳ್ಳುವಂತಿರಲಿಲ್ಲ. ವಾರಕ್ಕೆರಡು ಸಲ ಅಂಗಡಿಗೆ ಬರುತ್ತಿದ್ದ. ಒಂದು ದಿನ ಕ್ಷೌರಿಕ ಅವನ ಗಲ್ಲಕ್ಕೆ ನೊರೆ ಹಚ್ಚುತ್ತ, "ನನಗೂ ಒಂದು ಆಟ ಕಲಿಸಿ. ಚಿಕ್ಕದಾದರೂ ಸಾಕು" ಎಂದ.

"ಯಾಕೆ?"

"ಜನ ಒಂದು ಸಲ ನನ್ನ ಕೈ ನೋಡಲಿ."

"ಕೈ ನೋಡಿದರೆ ಆಟ ಕೆಟ್ಟಿತು ಅಂತಲೇ ಅರ್ಥ, ಮಾರಾಯ," ಎಂದ ಜಾದೂಗಾರ. ಆದರೂ ಕಲಿಸಲು ಒಪ್ಪಿದ. ಮಕ್ಕಳು ಆಡುವ ಗಜ್ಜುಗವೊಂದನ್ನು ತರಿಸಿದ. ಬೂದು ಬಣ್ಣದ, ನುಣುಪಾದ, ಉರುಟು ಬೀಜ.

ಆಟ ಇಷ್ಟೇ. ಗಜ್ಜುಗ ಬಲಗೈಯಲ್ಲಿರುತ್ತದೆ. ಅದನ್ನು ಎಡಗೈಗೆ ಕೊಡಬೇಕು. ಎಡಗೈ ಮುಷ್ಟಿ ಕಟ್ಟಿ, ಉಫ್ ಎಂದು ಊದಿ, ತೆರೆಯಬೇಕು. ಎಡಗೈ ಖಾಲಿ. ಕೊಟ್ಟಂತೆ ಮಾಡಿದ್ದೇ ಹೊರತು ಕೊಟ್ಟಿರುವುದಿಲ್ಲ. ಗಜ್ಜುಗ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಅಂಗೈಯ ಮಡಿಕೆಯಲ್ಲಿ, ಸುಮ್ಮನೆ ಕೂತಿರುತ್ತದೆ.

"ಮೊದಲ ಹದಿನೈದು ದಿನ ಆಟ ಇಲ್ಲ," ಎಂದ ಜಾದೂಗಾರ. "ಗಜ್ಜುಗ ಅಂಗೈಯಲ್ಲಿ ಹಿಡಿದುಕೊಂಡೇ ನಿನ್ನ ಕೆಲಸ ಮಾಡು. ಬಾಚು, ನೀರು ಸೇದು, ಉಣ್ಣು. ಕೈಯಲ್ಲಿ ಏನೋ ಇದೆ ಅನ್ನೋದು ಕೈಗೇ ಮರೆತುಹೋಗಬೇಕು. ಆಮೇಲಿನ ಹದಿನೈದು ದಿನ ಏನನ್ನೂ ಬಚ್ಚಿಡಬೇಡ. ಬಲಗೈಯಿಂದ ಎಡಗೈಗೆ ನಿಜವಾಗಿಯೇ ಕೊಡು."

"ನಿಜವಾಗಿ ಕೊಟ್ಟರೆ ಅದರಲ್ಲಿ ಜಾದೂ ಏನು ಬಂತು?"

"ನಿಜ ಹೇಗಿರುತ್ತೆ ಅಂತ ಕೈಗೆ ಗೊತ್ತಿಲ್ಲದಿದ್ದರೆ, ಸುಳ್ಳನ್ನು ಯಾವುದರ ಹಾಗೆ ಮಾಡ್ತೀಯ?"

ಕ್ಷೌರಿಕ ಹಾಗೆಯೇ ಮಾಡಿದ. ಒಂದು ತಿಂಗಳಾದ ಮೇಲೆ, ಕೊಟ್ಟಂತೆ ಮಾಡುವ ರೀತಿಯನ್ನು ಜಾದೂಗಾರ ಹೇಳಿಕೊಟ್ಟ. ಕೊನೆಗೆ ಹೇಳಿದ: "ಗುಟ್ಟನ್ನು ಯಾರಿಗೂ ಹೇಳಬೇಡ. ಆದರೆ ಊರಿನ ಮುಂದೆ ನಿಲ್ಲೋ ಮೊದಲು ಆಟವನ್ನು ಒಬ್ಬರಿಗೆ ತೋರಿಸು. ನಿನ್ನನ್ನು ಹೊಗಳಿ ಏನೂ ಆಗಬೇಕಿಲ್ಲದವರಿಗೆ. ಏನು ಕಂಡಿತು ಅಂತ ಅವರು ಹೇಳಿದರೆ ಬಾಯಿ ಮುಚ್ಚಿಕೊಂಡು ಕೇಳು."

"ಇನ್ನೊಬ್ಬರು ಯಾಕೆ? ಇಷ್ಟು ದೊಡ್ಡ ಕನ್ನಡಿ ಇದೆಯಲ್ಲ."

ಜಾದೂಗಾರ ನೊರೆಯೊಳಗೇ ನಕ್ಕ. ಮರುವಾರ ಅವನು ಮಗಳ ಊರಿಗೆ ಹೊರಟುಹೋದ.

ಕ್ಷೌರಿಕನ ಹೆಂಡತಿ ಆ ಊರಿನ ಸೂಲಗಿತ್ತಿ. ಊರಿನ ಮಕ್ಕಳಲ್ಲಿ ಅರ್ಧದಷ್ಟು ಮೊದಲು ಕಂಡದ್ದು ಅವಳ ಮುಖವನ್ನು. ಹೆರಿಗೆಯ ಕೋಣೆಯಲ್ಲಿ ಹೆಂಗಸರು ಏನೇನು ಹೇಳಿಕೊಂಡು ಅಳುತ್ತಾರೋ ಅದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅದರಲ್ಲಿ ಒಂದಕ್ಷರವೂ ಅವಳ ಬಾಯಿಂದ ಹೊರಗೆ ಬಿದ್ದದ್ದಿಲ್ಲ. ಅದಕ್ಕೇ ಎಲ್ಲ ಮನೆಯ ಬಾಗಿಲೂ ಅವಳಿಗೆ ತೆರೆದಿತ್ತು.

ಗಂಡನ ಗುಟ್ಟನ್ನು ಅವಳಿಗೆ ಯಾರೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಗಜ್ಜುಗ ಅವನ ಅಂಗೈಯಿಂದ ಜಾರಿ ಸಾರಿಗೆ ಬಿತ್ತು. ಅವಳು ಅದನ್ನು ಸೌಟಿನಲ್ಲಿ ಎತ್ತಿ, ತೊಳೆದು, ತಟ್ಟೆಯ ಪಕ್ಕಕ್ಕಿಟ್ಟಳು.

"ಇದನ್ನ ಸಾರಿಗೆ ಬೀಳಿಸೋಕೆ ಒಂದು ತಿಂಗಳು ಪಾಠ ಹೇಳಿಸಿಕೊಂಡ್ರಾ?" ಎಂದಳು.

ಅವನು ನಗಲಿಲ್ಲ. "ಯಾರ ಹತ್ತಿರವೂ ಬಾಯಿ ಬಿಡಬೇಡ" ಎಂದ.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬುತ್ತಿ ತಂದಳು. ಅವನು ಕನ್ನಡಿಯ ಮುಂದೆ ನಿಂತು ಆಟ ಅಭ್ಯಾಸ ಮಾಡುತ್ತಿದ್ದ. ಕನ್ನಡಿಯಲ್ಲಿ ಆಟ ಚೊಕ್ಕಟವಾಗಿತ್ತು. ಗಜ್ಜುಗ ಹೋಯಿತೆಂದರೆ ಹೋಯಿತು. ಅವಳು ಬಾಗಿಲಲ್ಲೇ ನಿಂತು ಮೂರು ಸಲ ನೋಡಿದಳು.

"ಒಂದು ಮಾತು," ಎಂದಳು. "ಕೊಡೋ ಹೊತ್ತಿಗೆ ಸರಿಯಾಗಿ ನೀವು…"

"ಹೆರಿಗೆ ಮಾಡಿಸೋಳಿಗೆ ಜಾದೂ ಏನು ಗೊತ್ತು? ಬುತ್ತಿ ಇಟ್ಟು ಹೋಗು."

ಅವಳು ಬುತ್ತಿ ಇಟ್ಟು ಹೋದಳು.

ಸಂತೆಯ ದಿನ ಕ್ಷೌರಿಕ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಿಂತ. ಗಿರಾಕಿಗಳು ಸೇರಿದರು. ಸೊಪ್ಪಿನವರು, ಮಡಕೆಯವರು ತಮ್ಮ ಗಂಟು ಬಿಟ್ಟು ಬಂದರು. ಅವನು ಗಜ್ಜುಗ ತೋರಿಸಿದ. ಎಡಗೈಗೆ ಕೊಟ್ಟ. ಮುಷ್ಟಿ ಕಟ್ಟಿದ. ಊದಲು ಬಾಯಿ ಉಬ್ಬಿಸಿದ.

"ಬಲಗೈಯಲ್ಲಿದೆ," ಎಂದ ಎಣ್ಣೆ ವ್ಯಾಪಾರಿ.

ಕ್ಷೌರಿಕ ಬಾಯೊಳಗಿನ ಗಾಳಿಯನ್ನು ಹಾಗೆಯೇ ನುಂಗಿದ. ಎರಡನೇ ಸಲ ಮಾಡಿದ. ಈ ಸಲ ಸೊಪ್ಪಿನವಳೂ ಹೇಳಿದಳು. ಮೂರನೇ ಸಲ ಅವನು ಮುಷ್ಟಿ ಕಟ್ಟುವ ಮೊದಲೇ ಸಂತೆಗೆ ಸಂತೆಯೇ "ಬಲಗೈ" ಎಂದಿತು. ಜನ ಕೊನೆಗೂ ಅವನ ಕೈ ನೋಡಿದ್ದರು.

ಯಾರೋ ಹೇಳಿಕೊಟ್ಟಿದ್ದಾರೆ. ಕ್ಷೌರಿಕನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಗುಟ್ಟು ಗೊತ್ತಿದ್ದವರು ಇಬ್ಬರೇ. ಜಾದೂಗಾರ ಊರಲ್ಲಿಲ್ಲ. ಇನ್ನೊಬ್ಬಳು ಮನೆ ಮನೆಗೆ ಹೋಗುವವಳು. ಎಣ್ಣೆ ವ್ಯಾಪಾರಿಯ ಸೊಸೆಗೆ ಹೆರಿಗೆಯಾಗಿ ನಾಲ್ಕೇ ದಿನವಾಗಿತ್ತು. ಲೆಕ್ಕ ಎಷ್ಟು ಸಲೀಸಾಗಿ ಕೂಡಿಬಂತೆಂದರೆ, ಕಟ್ಟೆ ಇಳಿಯುವಷ್ಟರಲ್ಲಿ ಅವನ ಮೈಯೆಲ್ಲ ಉರಿಯುತ್ತಿತ್ತು.

ಮನೆಯ ಒಳಗೂ ಹೋಗಲಿಲ್ಲ. ಬಾಗಿಲಲ್ಲಿ ನಿಂತು, ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದ. "ಗಂಡನ ಗುಟ್ಟನ್ನ ಎಣ್ಣೆಯವರ ಮನೆಗೆ ಹಂಚೋಳೇ, ಹೊರಗೆ ಬಾ. ನನ್ನದನ್ನೇ ಹಂಚಿದೋಳು ಇನ್ನು ಊರಿನೋರದು ಎಷ್ಟು ಹಂಚಿದ್ದೀಯೋ."

ಓಣಿಯಲ್ಲಿ ಕಿಟಕಿಗಳು ತೆರೆದವು. ಅವಳು ಕೈಯಲ್ಲಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ ಬಂದಳು. ಅವನ ಮಾತಿನ ಮೊದಲರ್ಧಕ್ಕೆ ಅವಳ ಮುಖ ಬದಲಾಗಲಿಲ್ಲ. ಎರಡನೆಯ ಅರ್ಧಕ್ಕೆ ಬದಲಾಯಿತು.

"ಎಣ್ಣೆಯವರ ಮನೇಲಿ ನಾನು ಹಿಡೀತಿದ್ದದ್ದು ಮಗೂನ," ಎಂದಳು. "ನಿಮ್ಮ ಗಜ್ಜುಗ ಅಲ್ಲ."

"ಬೇರೆ ಯಾರಿಗೂ ಗೊತ್ತಿರಲಿಲ್ಲ."

"ಊರಿನೋರಿಗೆ ಕಣ್ಣಿಲ್ವಾ?"

"ದೀಪ ಮುಟ್ಟಿ ಆಣೆ ಮಾಡು."

"ಮಾಡೋಲ್ಲ. ಇಪ್ಪತ್ತು ವರ್ಷ ಬೇಯಿಸಿ ಹಾಕಿದ್ದು ಸಾಲದೆ, ಈಗ ದೀಪ ಬಂದು ನನ್ನ ಪರವಾಗಿ ಸಾಕ್ಷಿ ಹೇಳಬೇಕಾ?"

"ಹಾಗಾದರೆ ಒಪ್ಪಿಕೊಳ್ಳೋವರೆಗೂ ಈ ಹೊಸ್ತಿಲ ಒಳಗೆ ಇರಬೇಡ."

ಅವಳು ಒಳಗೆ ಹೋಗಿ ಹೆರಿಗೆಯ ಚೀಲ ತಂದಳು. ಕತ್ತರಿ, ದಾರ, ಹರಳೆಣ್ಣೆಯ ಸೀಸೆ. ಅದರ ಮೇಲೆ ಎರಡು ಸೀರೆ ತುರುಕಿದಳು. ಹೊಸ್ತಿಲು ದಾಟಿ ನಿಂತು, "ಒಲೆ ಮೇಲೆ ಹಾಲಿದೆ. ಅದನ್ನಾದರೂ ಕಣ್ಣು ಬಿಟ್ಟು ನೋಡಿ" ಎಂದಳು. ತವರಿಗೆ ಹೋಗಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಹಿಡಿದಳು. ಇವರಿಬ್ಬರ ಜಗಳ ಮುಗಿಯಲೆಂದು ಹೊಟ್ಟೆಯೊಳಗಿನ ಮಕ್ಕಳು ಕಾಯುವುದಿಲ್ಲವಲ್ಲ.

ಹಾಲು ಉಕ್ಕಿ ಒಲೆ ಆರಿತು. ಕ್ಷೌರಿಕನ ಸಿಟ್ಟು ಆರಲಿಲ್ಲ. ಸಿಟ್ಟಿಗೂ ದಿನಕ್ಕೆರಡು ಹೊತ್ತು ಊಟ ಬೇಕು. ಅವನು ಅದಕ್ಕೆ ಕನ್ನಡಿಯನ್ನು ಬಡಿಸಿದ. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಒಮ್ಮೆ, ಮಧ್ಯಾಹ್ನ ಕದ ಮುಂದೆ ಮಾಡಿ ಒಮ್ಮೆ, ಕನ್ನಡಿಯ ಮುಂದೆ ನಿಂತು ಆಟ ಆಡುತ್ತಿದ್ದ. ಒಂದು ಸಲವೂ ತಪ್ಪುತ್ತಿರಲಿಲ್ಲ. ತಪ್ಪದಷ್ಟೂ ಅವನಿಗೆ ಉರಿಯುತ್ತಿತ್ತು. ಇಷ್ಟು ಚೆನ್ನಾಗಿ ಮಾಡುವವನು ಸಿಕ್ಕಿಬೀಳಬೇಕಾದರೆ ಯಾರೋ ಹೇಳಿರಲೇಬೇಕು.

ಎಣ್ಣೆ ವ್ಯಾಪಾರಿಗೆ ಕ್ಷೌರ ಮಾಡುವುದನ್ನು ನಿಲ್ಲಿಸಿದ. ವ್ಯಾಪಾರಿ ಕ್ಷೌರಕ್ಕೆ ಪಕ್ಕದ ಊರಿಗೆ ಹೋಗಿ ಬರತೊಡಗಿದ. ಬೆಂಚಿನ ಮೇಲೆ ಕಾಯುತ್ತ ಕೂತ ಗಿರಾಕಿಗಳು ಒಬ್ಬರಿಗೊಬ್ಬರು ಬಲಗೈ ಮುಷ್ಟಿ ತೋರಿಸಿ ಕೆಮ್ಮುತ್ತಿದ್ದರು. ಅವನು ತಿರುಗಿದರೆ ಎಲ್ಲರೂ ಗಂಭೀರ. ಒಂದು ದಿನ ಅಂಥ ಒಬ್ಬನ ಗಲ್ಲಕ್ಕೆ ಕತ್ತಿ ತಾಗಿ ರಕ್ತ ಬಂತು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಅದನ್ನೂ ಅವನು ಹೆಂಡತಿಯ ತಲೆಗೇ ಕಟ್ಟಿದ.

ಮೂರು ತಿಂಗಳಾದ ಮೇಲೆ ಜಾದೂಗಾರ ಬೆರಳುದ್ದ ಗಡ್ಡ ಬಿಟ್ಟುಕೊಂಡು ವಾಪಸು ಬಂದ. ಕ್ಷೌರಿಕ ಅವನನ್ನು ಕುರ್ಚಿಯಲ್ಲಿ ಕೂರಿಸಿ, ನೊರೆ ಹಚ್ಚುವುದನ್ನೂ ಮರೆತು, ನಡೆದದ್ದೆಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು. "ಅಂಥವಳನ್ನ ಮನೇಲಿ ಇಟ್ಟುಕೊಳ್ಳೋದು ಹೇಗೆ, ನೀವೇ ಹೇಳಿ" ಎಂದ.

ಜಾದೂಗಾರ ಕುರ್ಚಿಯಿಂದ ಎದ್ದ. "ಕನ್ನಡಿ ಮುಂದೆ ನಿಂತು ಮಾಡು."

ಕ್ಷೌರಿಕ ಮಾಡಿದ. ಜಾದೂಗಾರ ಅವನ ಬೆನ್ನ ಹಿಂದೆ ನಿಂತಿದ್ದ.

"ಎಷ್ಟು ಬೆರಳು?" ಎಂದ.

"ಯಾವ ಬೆರಳು?"

"ನೀನು ಕೊಡೋ ಹೊತ್ತಿಗೆ ನಿನ್ನ ತಲೆ ಮೇಲೆ ಬೆರಳೆತ್ತಿ ಇಳಿಸಿದೆನಲ್ಲ. ಕನ್ನಡೀಲಿ ಕಾಣಲಿಲ್ವಾ?"

"ನೀವು ಎತ್ತಲೇ ಇಲ್ಲ."

ಬೆಂಚಿನ ಮೇಲಿದ್ದ ಇಬ್ಬರು ಗಿರಾಕಿಗಳು ಒಟ್ಟಿಗೇ, "ಮೂರು" ಎಂದರು.

ಇನ್ನೊಂದು ಸಲ ಮಾಡಿಸಿದ. ಕ್ಷೌರಿಕನಿಗೆ ಬೆರಳು ಕಾಣಲಿಲ್ಲ. ಬೆಂಚಿನವರು "ಎರಡು" ಎಂದರು. ಮತ್ತೊಂದು ಸಲ. "ನೀವೆಲ್ಲ ಸೇರಿ ನನ್ನನ್ನ ಆಡಿಸ್ತಿದ್ದೀರಿ" ಎಂದು ಕ್ಷೌರಿಕ ಗುಡುಗಿದ. ಜಾದೂಗಾರ ಹಿಂದಿನಿಂದ ಕೈ ಚಾಚಿ, ನಡುಗುವ ಎರಡು ಬೆರಳುಗಳಿಂದ ಅವನ ಎರಡೂ ರೆಪ್ಪೆಗಳನ್ನು ಮೇಲೆತ್ತಿ ಹಿಡಿದ.

"ಈಗ ಮಾಡು."

ಕ್ಷೌರಿಕ ಮಾಡಿದ. ಬಲಗೈ ಎಡಗೈಯನ್ನು ಮುಟ್ಟಿ ಹಿಂದೆ ಸರಿಯಿತು. ರೆಪ್ಪೆಗಳು ಆ ಬೆರಳುಗಳ ಕೆಳಗೆ ಮುಚ್ಚಿಕೊಳ್ಳಲು ಒದ್ದಾಡಿದವು. ಆಗ ಅವನು ಕಂಡ. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಗಜ್ಜುಗ ಅರ್ಧಕ್ಕರ್ಧ ಹೊರಗೆ ಇಣುಕುತ್ತಿತ್ತು. ಬೆಂಚಿಗೂ ಕಾಣುವಂತೆ, ರಸ್ತೆಗೂ ಕಾಣುವಂತೆ.

ಸಂತೆಯವರಿಗೆ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ.

"ನನ್ನ ರೆಪ್ಪೆ ಅಲುಗೋದಿಲ್ಲ," ಎಂದ ಕ್ಷೌರಿಕ. ದನಿ ಇಳಿದಿತ್ತು. "ಊರಿಗೇ ಗೊತ್ತು."

"ಅದು ಕತ್ತಿ ಹಿಡಿದಾಗ. ಕತ್ತಿ ಹಿಡಿದಾಗ ನೀನು ಏನನ್ನೂ ಬಚ್ಚಿಡೋದಿಲ್ಲವಲ್ಲ. ಬಚ್ಚಿಡೋ ಗಳಿಗೆ ಬಂದರೆ ಹೊಸಬರ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತೆ. ನಾನೂ ಹಾಗೇ ಮಾಡ್ತಿದ್ದೆ. ಕನ್ನಡಿ ಅದನ್ನ ಹೇಳೋದಿಲ್ಲ. ಅದಕ್ಕೇ ಒಬ್ಬರಿಗೆ ತೋರಿಸು ಅಂದದ್ದು. ಯಾರಿಗೂ ತೋರಿಸಲಿಲ್ವಾ?"

ಕ್ಷೌರಿಕ ತೋರಿಸಿರಲಿಲ್ಲ. ತೋರಿಸದಿದ್ದರೂ ಒಬ್ಬಳು ಬಾಗಿಲಲ್ಲಿ ನಿಂತು ಮೂರು ಸಲ ನೋಡಿದ್ದಳು. ಕೊಡೋ ಹೊತ್ತಿಗೆ ಸರಿಯಾಗಿ ನೀವು, ಎಂದಿದ್ದಳು.

ಅವನು ಊರಿನ ಇನ್ನೊಂದು ತುದಿಗೆ ಹೋದ. ಪಕ್ಕದ ಮನೆಯವರು ಒಳಗೆ ಹೋಗುವವರೆಗೂ ಮರದ ಕೆಳಗೆ ನಿಂತು ಕಾದ. ಅವಳು ಬಾಗಿಲ ಮುಂದೆ ಬಾಣಂತಿಯ ಬಟ್ಟೆ ಒಗೆಯುತ್ತಿದ್ದಳು. ಅವನು ಹತ್ತಿರ ಹೋಗಿ, ಬಗ್ಗಿ, "ತಪ್ಪು ನನ್ನದು. ನಾನು ಕಣ್ಣು ಮುಚ್ಚಿಕೊಳ್ತಿದ್ದೆ. ಮನೆಗೆ ಬಾ" ಎಂದ.

"ಏನು? ಕೇಳಿಸಲಿಲ್ಲ."

"ತಪ್ಪು ನನ್ನದು ಅಂದೆ."

ಅವಳು ಬಟ್ಟೆ ಹಿಂಡಿದಳು. "ಹೊರಗೆ ಹಾಕೋವಾಗ ಓಣಿಗೆಲ್ಲ ಕೇಳೋ ಹಾಗೆ ಹಾಕಿದ್ರಿ. ಒಳಗೆ ಕರೆಯೋವಾಗ ಕಿವಿಗೆ ಬಾಯಿಟ್ಟು ಕರೀತೀರಿ."

"ಜನ ನಗ್ತಾರೆ."

"ನಿಮ್ಮನ್ನ ನೋಡಿ ನಗ್ತಾರೆ, ಅಷ್ಟೇ ತಾನೇ? ನನ್ನನ್ನ ನೋಡಿ ಬಾಯಿ ಮುಚ್ಚಿಕೊಳ್ತಾರೆ. ಮೂರು ತಿಂಗಳಿಂದ ನಾನು ಕಾಲಿಟ್ಟ ಕಡೆಯೆಲ್ಲ ಮಾತು ನಿಲ್ಲುತ್ತೆ. ಮೊನ್ನೆ ಒಬ್ಬಳು ನೋವಿನಲ್ಲಿ ಬಟ್ಟೆ ಕಚ್ಚಿಕೊಂಡಳು, ನನ್ನ ಮುಂದೆ ಏನಾದರೂ ಬಾಯಿಗೆ ಬಂದುಬಿಟ್ಟೀತು ಅಂತ. ಎರಡು ಮನೆಯವರು ಪಕ್ಕದೂರಿಂದ ಸೂಲಗಿತ್ತಿ ಕರೆಸಿದ್ರು. ಗುಟ್ಟು ಕಾಯೋ ಬಾಯಿ ಬಿಟ್ಟರೆ ನನ್ನ ಹತ್ತಿರ ಬೇರೆ ಏನಿತ್ತು? ಅದನ್ನ ನೀವು ಬೀದೀಲಿ ನಿಂತು ತೆಗೆದುಕೊಂಡ್ರಿ. ಈಗ ಮರದ ಮರೆಯಿಂದ ಬಂದು ವಾಪಸು ಕೊಡ್ತೀರಾ?"

"ಏನು ಮಾಡಲಿ ಹೇಳು."

"ನಾಳೆ ಸಂತೆ. ಅದೇ ಕಟ್ಟೆ ಮೇಲೆ ನಿಲ್ಲಿ. ಅವತ್ತು ಬಾಗಿಲಲ್ಲಿ ಕೂಗಿದ್ರಲ್ಲ, ಅದೇ ದನಿಯಲ್ಲಿ ಹೇಳಿ. ನಾನೇನೂ ಅಲ್ಲಿಗೆ ಬರೋಲ್ಲ. ಇಲ್ಲಿಗೆ ಕೇಳಿಸಿದರೆ ಚೀಲ ಕಟ್ತೀನಿ. ಕೇಳಿಸದಿದ್ದರೆ ಕೆಲಸ ನೋಡಿಕೊಳ್ತೀನಿ."

ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಕ್ಷೌರಿಕ ಕಟ್ಟೆ ಹತ್ತಿದ. ಕೈಯಲ್ಲಿ ಗಜ್ಜುಗವಿತ್ತು. ಅವನನ್ನು ಕಂಡೊಡನೆ ಜನ ಸೇರಿದರು. ಗುಂಪಿನ ಹಿಂದಿನಿಂದ ಯಾರೋ ಆಗಲೇ "ಬಲಗೈ" ಎಂದು ಕೂಗಿದರು. ಎಣ್ಣೆ ವ್ಯಾಪಾರಿ ನಗಲು ಸಿದ್ಧನಾಗಿ ಮುಂದೆ ಬಂದು ನಿಂತ. ಕ್ಷೌರಿಕ ಗಜ್ಜುಗವನ್ನು ಜೇಬಿಗೆ ಹಾಕಿದ. ಊರಿನ ಆ ತುದಿಯ ಕಡೆ ಒಮ್ಮೆ ನೋಡಿದ. ಬಾಯಿ ತೆರೆದ.

ಗುರು ಅಲ್ಲಿಗೆ ನಿಲ್ಲಿಸಿ ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡರು.

ಶಿಷ್ಯ ಕಾದ. ಅವರೆಕಾಳು ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು. ಅವನು ತಗ್ಗಿದ ದನಿಯಲ್ಲಿ ಕೇಳಿದ: "ಗುರುಗಳೇ, ಧ್ಯಾನದಲ್ಲಿ ನಾನು ಗೊರಕೆ ಹೊಡೆಯುತ್ತೇನೆಯೇ?"

"ದನದ ಕೊಟ್ಟಿಗೆಯವರೆಗೆ ಕೇಳುತ್ತದೆ."

ಶಿಷ್ಯನ ಕಿವಿ ಕೆಂಪಾಯಿತು. ಊಟದ ಗಂಟೆ ಬಾರಿಸಿದರು. ಅವನು ಎದ್ದು, ಎರಡು ಹೆಜ್ಜೆ ಇಟ್ಟು, ತಿರುಗಿ ನಿಂತ. "ಆ ಕ್ಷೌರಿಕನ ದನಿ ಅವಳ ಬಾಗಿಲಿಗೆ ಕೇಳಿಸಿತೇ?"

"ಈಗ ಪಂಕ್ತಿಯಲ್ಲಿ ಎದ್ದು ನಿಂತು ಈ ಕತೆಯನ್ನು ರಾಚಯ್ಯನಿಗೆ ಹೇಳು," ಎಂದರು ಗುರು, "ನಿನ್ನ ದನಿ ಎಲ್ಲಿಯವರೆಗೆ ಹೋಗುತ್ತದೋ ಕ್ಷೌರಿಕನದೂ ಅಲ್ಲಿಯವರೆಗೇ ಹೋಯಿತು."

ಶಿಷ್ಯ ಪಂಕ್ತಿಗೆ ಹೋಗಿ, ಗೋಡೆಗೆ ಬೆನ್ನು ಮಾಡಿ ನಿಂತ.